ತತ್ಸಮದಿಂದ ತದ್ಭವಕ್ಕೆ: ನಮ್ಮ ನಾಡಿನ ಕಾರುಗಳ ವಂಶಾವಳಿ

ವಾಚಕರೆ, ಕನ್ನಡ ಪಾಠ ಹೇಳುವವನಿಗೆ ಮೋಟಾರು ಕಾರಿನ ಗೊಡವೆ ಏಕೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ವ್ಯಾಕರಣದ ಒಂದು ಸಣ್ಣ ಪಾಠವು ಕಾರ್ಖಾನೆಗಳ ಇತಿಹಾಸದ ಒಂದು ದೊಡ್ಡ ಗಂಟನ್ನು ಬಿಡಿಸಿಕೊಡುತ್ತದೆ ಎಂಬುದು ನನ್ನ ನಂಬಿಕೆ. ಆ ಪಾಠ ನೀವೆಲ್ಲರೂ ಶಾಲೆಯಲ್ಲಿ ಓದಿದ್ದೇ. ಪರಭಾಷೆಯ ಮಾತೊಂದು ಕನ್ನಡಕ್ಕೆ ಬಂದು, ಬಂದ ವೇಷದಲ್ಲಿಯೇ ನಿಂತರೆ ಅದು ತತ್ಸಮ. ನಮ್ಮ ನಾಲಗೆಗೆ ಒಗ್ಗಿ, ರೂಪ ಬದಲಿಸಿ, ಮನೆಯ ಮಗುವಿನಂತೆ ಓಡಾಡಿದರೆ ಅದು ತದ್ಭವ. ಆಕಾಶ ಆಗಸವಾಯಿತು, ಕಾರ್ಯ ಕಜ್ಜವಾಯಿತು, ವಿದ್ಯೆ ಬಿಜ್ಜೆಯಾಯಿತು, ಯಾತ್ರೆ ಜಾತ್ರೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಈ ಮಾರ್ಪಾಟಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಎರವಲು ತರುವುದು ಅವನ ಕಣ್ಣಿಗೆ ಅವಮಾನವಾಗಿ ಕಾಣಲಿಲ್ಲ. ತಂದದ್ದನ್ನು ಯಾವ ನಿಯಮದಿಂದ ನಮ್ಮದಾಗಿಸಿಕೊಂಡೆವು ಎಂಬುದೇ ಅವನಿಗೆ ಮುಖ್ಯವಾಯಿತು.

ಯಂತ್ರಗಳ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ. ಮೋಟಾರು ಕಾರು ನಮ್ಮ ನೆಲದಲ್ಲಿ ಹುಟ್ಟಿದ ವಸ್ತುವಲ್ಲ. ಬಂಡಿ, ತೇರು, ಚಕ್ಕಡಿ ನಮ್ಮವು, ಕಾರು ಹೊರಗಿನದು. ಅದರ ಬಾಗಿಲು ತೆರೆಯುವ ‘ಚಾವಿ’ ಎಂಬ ಮಾತು ಕೂಡ ಪೋರ್ತುಗೀಜರಿಂದ ಬಂದುದು. ಆದರೂ ಕನ್ನಡ ನಾಡಿನಲ್ಲಿ ಸುಮಾರು ಅರ್ಧ ಶತಮಾನದಿಂದ ಕಾರುಗಳು ತಯಾರಾಗುತ್ತ ಬಂದಿವೆ. ಅವುಗಳಲ್ಲಿ ಯಾವುದು ತತ್ಸಮವಾಗಿ ಉಳಿಯಿತು, ಯಾವುದು ತದ್ಭವವಾಗುವ ಹಾದಿ ಹಿಡಿಯಿತು, ಯಾವುದು ದಾರಿಯಲ್ಲಿ ನಿಂತುಹೋಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಹೋಲಿಕೆಗಾಗಿ ದೂರದ ಕೊರಿಯಾ ದೇಶದ ಒಂದು ಕಾರನ್ನೂ ಜೊತೆಗೆ ಇಟ್ಟುಕೊಳ್ಳೋಣ. ಏಕೆಂದರೆ ಅವರೂ ನಾವೂ ಸರಿಸುಮಾರು ಒಂದೇ ಬಗೆಯ ಎರವಲಿನಿಂದ ಆರಂಭಿಸಿದವರು.

ಮೊದಲು ‘ತಲೆಮಾರು’ ಎಂಬ ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕುಕನೂರೇ ಸಾಕು. ಇಲ್ಲಿಯ ನವಲಿಂಗ ದೇವಾಲಯ ರಾಷ್ಟ್ರಕೂಟರ ಕಾಲದ್ದು, ಒಂಬತ್ತನೆಯ ಶತಮಾನದ್ದು. ಅದೇ ಊರಿನ ಕಲ್ಲೇಶ್ವರ ದೇವಾಲಯ ಅದರ ನಂತರದ್ದು. ಹಳೆಯ ಶೈಲಿ ಹೊಸದಕ್ಕೆ ಹೊರಳುವ ಘಟ್ಟವನ್ನು ಅದರಲ್ಲಿ ಕಾಣುತ್ತೇವೆ. ಇವೆರಡನ್ನೂ ನೋಡಿಕೊಂಡು ಹತ್ತಿರದ ಇಟಗಿಗೆ ಹೋದರೆ, ೧೧೧೨ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವನು ಕಟ್ಟಿಸಿದ ಮಹಾದೇವ ದೇವಾಲಯ ನಿಂತಿದೆ. ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಕರೆದಿದೆ. ಮರಳುಗಲ್ಲಿನ ಭಾರವಾದ ಗೋಡೆಯಿಂದ ಬಳಪದ ಕಲ್ಲಿನ ನವುರಾದ ಕೆತ್ತನೆಯವರೆಗೆ ಬರಲು ನಮ್ಮ ಶಿಲ್ಪಿಗಳಿಗೆ ಎರಡು ಶತಮಾನಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ಒಬ್ಬನು ಕಲಿತದ್ದು ಅವನ ಕೈಯಲ್ಲಿಯೇ ಸತ್ತುಹೋಗಿದ್ದರೆ ಇಟಗಿ ಆಗುತ್ತಿರಲಿಲ್ಲ. ಹಿಂದಿನದರ ತಪ್ಪು ತಿದ್ದಿ, ಗುಣ ಉಳಿಸಿ, ಹೊಸದನ್ನು ಸೇರಿಸುವುದಕ್ಕೆ ತಲೆಮಾರು ಎಂದು ಹೆಸರು. ಕಾರಿನವರೂ ಇದೇ ಅರ್ಥದಲ್ಲಿ ಆ ಮಾತನ್ನು ಬಳಸುತ್ತಾರೆ. ಹೆಸರು ಅದೇ ಇರುತ್ತದೆ. ಐದಾರು ವರ್ಷಗಳಿಗೊಮ್ಮೆ ಚೌಕಟ್ಟು, ಮೈಕಟ್ಟು, ಎಂಜಿನು ಹೊಸದಾಗುತ್ತವೆ.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ೧೯೭೦ರ ದಶಕದಲ್ಲಿ ಅಲ್ಲಿ ‘ಬಾದಲ್’ ಎಂಬ ಒಂದು ಪುಟ್ಟ ವಾಹನ ತಯಾರಾಯಿತು. ಬಾದಲ್ ಎಂದರೆ ಹಿಂದಿಯಲ್ಲಿ ಮೋಡ. ಮುಂದೆ ಒಂದು ಗಾಲಿ, ಹಿಂದೆ ಎರಡು. ಮೈಯೆಲ್ಲ ಫೈಬರ್ ಗ್ಲಾಸು. ಎಂಜಿನು ಸ್ಕೂಟರಿನದಕ್ಕಿಂತ ಬಹಳ ದೊಡ್ಡದಲ್ಲ. ಆ ದಿನಗಳಲ್ಲಿ ಕಾರು ಕೊಳ್ಳುವುದೆಂದರೆ ಅಂಬಾಸಿಡರ್ ಇಲ್ಲವೆ ಪ್ರೀಮಿಯರ್ ಪದ್ಮಿನಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯುವುದು. ಎಷ್ಟು ಕಾರು ಮಾಡಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಾಗಿದ್ದ ಕಾಲವದು. ಅಂಥ ಹೊತ್ತಿನಲ್ಲಿ ದಕ್ಷಿಣದ ಒಂದು ಸಣ್ಣ ಕಂಪನಿ ಕಾರಿಗೆ ಕೈಹಾಕಿದ್ದು ಧೈರ್ಯದ ಕೆಲಸವೇ ಸರಿ. ಮೂರು ಗಾಲಿಯದಾದ ಮೇಲೆ ಅದಕ್ಕೊಂದು ನಾಲ್ಕು ಗಾಲಿಯ ತಮ್ಮನೂ ಬಂದ.

ಇದೇ ಕಂಪನಿ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ೧೯೮೨ರಲ್ಲಿ ಅದು ‘ಡಾಲ್ಫಿನ್’ ಎಂಬ ಕಾರನ್ನು ಹೊರತಂದಿತು. ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ರಿಲಾಯಂಟ್ ಕಂಪನಿಯ ‘ಕಿಟನ್’ ಎಂಬ ಕಾರು. ಆ ಕಿಟನ್ನು ತನ್ನ ತವರಿನಲ್ಲಿ ೧೯೭೫ರಿಂದ ೧೯೮೨ರವರೆಗೆ ತಯಾರಾಗಿ ನಿಂತುಹೋಯಿತು. ಅಲ್ಲಿ ನಿಂತದ್ದು ಇಲ್ಲಿ ಶುರುವಾಯಿತು. ಮೈ ಫೈಬರ್ ಗ್ಲಾಸಿನದು, ಆದ್ದರಿಂದ ಹಗುರ. ತುಕ್ಕು ಹಿಡಿಯುವ ಭಯವಿಲ್ಲ. ಎಂಜಿನು ೮೪೮ ಸಿ.ಸಿ.ಯ ಅಲ್ಯುಮಿನಿಯಮ್ಮಿನದು, ಅದೂ ಹಗುರ. ಹಗುರ ಮೈಗೆ ಚುರುಕು ಎಂಜಿನು ಸೇರಿದ್ದರಿಂದ ಡಾಲ್ಫಿನ್ ಓಟದ ಪಂದ್ಯಗಳಲ್ಲಿ ಹೆಸರು ಮಾಡಿತು. ಮದರಾಸಿನ ಹತ್ತಿರದ ಶೋಲಾವರದ ಪಂದ್ಯದ ಕಣದಲ್ಲಿ ಅದನ್ನು ಓಡಿಸಿದವರು ಇಂದಿಗೂ ಅದರ ಚುರುಕನ್ನು ಹೊಗಳುತ್ತಾರೆ.

ಆದರೆ ಪಂದ್ಯದ ಕಣ ಬೇರೆ, ಸಂಸಾರದ ದಾರಿ ಬೇರೆ. ಡಾಲ್ಫಿನ್ನಿಗೆ ಇದ್ದದ್ದು ಎರಡೇ ಬಾಗಿಲು. ಹಿಂದಿನ ಆಸನಕ್ಕೆ ಹೋಗಬೇಕಾದರೆ ಮುಂದಿನ ಆಸನವನ್ನು ಮಡಿಚಿ, ಮೈ ಬಗ್ಗಿಸಿ ನುಸುಳಬೇಕು. ಇಂಗ್ಲೆಂಡಿನಲ್ಲಿ ಇಬ್ಬರೇ ಓಡಾಡುವ ಮನೆಗೆ ಅದು ಸಾಕಿತ್ತು. ನಮ್ಮಲ್ಲಿ ಸೀರೆ ಉಟ್ಟ ಅಜ್ಜಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಯ ಗಂಟು, ಇವರೆಲ್ಲ ಹತ್ತಬೇಕಲ್ಲ! ಅಷ್ಟರಲ್ಲಿ ೧೯೮೩ರ ಡಿಸೆಂಬರಿನಲ್ಲಿ ಜಪಾನಿನ ಸುಜುಕಿಯ ನೆರವಿನಿಂದ ಮಾರುತಿ ೮೦೦ ಬಂದಿತು. ಅದರ ಹಿಂದೆ ಸರ್ಕಾರದ ಬಲವಿತ್ತು, ದೊಡ್ಡ ಕಾರ್ಖಾನೆಯಿತ್ತು, ನಾಲ್ಕು ಬಾಗಿಲುಗಳಿದ್ದವು. ಸಿಪಾನಿಯವರು ನಾಲ್ಕು ಬಾಗಿಲಿನ ‘ಮೊಂಟಾನಾ’ವನ್ನು ಹೊರತರುವ ಹೊತ್ತಿಗೆ ೧೯೮೭ ಆಗಿತ್ತು. ಎರಡು ಬಾಗಿಲು ಹೆಚ್ಚಿಸಲು ಐದು ವರ್ಷ! ಆ ಐದು ವರ್ಷಗಳಲ್ಲಿ ಪೇಟೆಯ ಬಾಗಿಲೇ ಹೆಚ್ಚುಕಡಿಮೆ ಮುಚ್ಚಿತ್ತು.

ಕೊನೆಯ ಪ್ರಯತ್ನವಾಗಿ ಆ ಸಂಸ್ಥೆ ಒಂದು ದೊಡ್ಡ ನೆಗೆತ ನೆಗೆಯಿತು. ೧೯೯೦ರ ದಶಕದ ನಡುವೆ ಇಂಗ್ಲೆಂಡಿನ ರೋವರ್ ಕಂಪನಿಯ ‘ಮಾಂಟೆಗೊ’ ಕಾರಿನ ಬಿಡಿಭಾಗಗಳನ್ನು ತರಿಸಿ ಬೆಂಗಳೂರಿನಲ್ಲಿ ಜೋಡಿಸತೊಡಗಿತು. ಇದು ಸಣ್ಣ ಕಾರಲ್ಲ. ಅಧಿಕಾರಿಗಳೂ ದೊಡ್ಡ ವ್ಯಾಪಾರಸ್ಥರೂ ಹಿಂದಿನ ಆಸನದಲ್ಲಿ ಒರಗಿ ಕುಳಿತು ಹೋಗುವ, ಹಿಂದೆ ಅಗಲವಾದ ಡಿಕ್ಕಿಯುಳ್ಳ ಸೆಡಾನು. ಆದರೆ ಮಾಂಟೆಗೊ ಇಂಗ್ಲೆಂಡಿನಲ್ಲಿ ೧೯೮೪ರಲ್ಲಿ ಹುಟ್ಟಿದ್ದು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅಲ್ಲಿ ಅದರ ಆಯುಸ್ಸು ಮುಗಿದಿತ್ತು. ೧೯೯೩ರಲ್ಲಿ ಭಾರತ ಸರ್ಕಾರ ಕಾರು ತಯಾರಿಕೆಗೆ ಪರವಾನಗಿಯ ಕಟ್ಟನ್ನು ಸಡಿಲಿಸಿದ ಮೇಲೆ ಹೊರದೇಶದ ಹೊಸ ಕಾರುಗಳು ಸಾಲುಗಟ್ಟಿ ಬಂದವು. ತವರಿನಲ್ಲಿ ಹಳತಾದ ಸೆಡಾನನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ವಿರಳವಾದರು. ಆ ದಶಕ ಮುಗಿಯುವುದರೊಳಗೆ ಸಿಪಾನಿ ಕಾರುಗಳ ತಯಾರಿಕೆ ನಿಂತಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಬಾದಲ್, ಡಾಲ್ಫಿನ್, ಮೊಂಟಾನಾ, ಮಾಂಟೆಗೊ, ಇವು ನಾಲ್ಕು ಹೆಸರುಗಳು. ಇವುಗಳಲ್ಲಿ ಮೊಂಟಾನಾ ಒಂದೇ ತನ್ನ ಹಿಂದಿನದರ ಹೊಟ್ಟೆಯಲ್ಲಿ ಹುಟ್ಟಿದ ಮಗು. ಮಾಂಟೆಗೊವಿಗೂ ಡಾಲ್ಫಿನ್ನಿಗೂ ರಕ್ತಸಂಬಂಧವೇ ಇಲ್ಲ. ಅದು ಮತ್ತೊಂದು ಮನೆಯಿಂದ ತಂದ ದತ್ತು. ಡಾಲ್ಫಿನ್ನಿನಲ್ಲಿ ಕಲಿತ ಫೈಬರ್ ಗ್ಲಾಸಿನ ಕೆಲಸ ಉಕ್ಕಿನ ಮಾಂಟೆಗೊವಿನಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಹೀಗೆ ಪ್ರತಿ ಸಲವೂ ಓಂ ನಾಮದಿಂದ ಆರಂಭವಾದರೆ ಪುಸ್ತಕ ಮುಗಿಯುವುದು ಯಾವಾಗ?

ಈಗ ಕೊರಿಯಾದ ಕಥೆ ಕೇಳಿರಿ. ಅಲ್ಲಿಯ ಹ್ಯುಂಡೈ ಮೋಟಾರು ಕಂಪನಿ ಸ್ಥಾಪನೆಯಾದದ್ದು ೧೯೬೭ರಲ್ಲಿ. ಮರುವರ್ಷವೇ ಉಲ್ಸಾನ್ ಎಂಬ ಊರಿನಲ್ಲಿ ಫೋರ್ಡ್ ಕಂಪನಿಯ ‘ಕಾರ್ಟಿನಾ’ ಕಾರನ್ನು ಬಿಡಿಭಾಗ ತರಿಸಿ ಜೋಡಿಸಲು ತೊಡಗಿದರು. ಅಂದರೆ ಅಚ್ಚ ತತ್ಸಮ. ನಂತರ ‘ಪೋನಿ’ ಎಂಬ ಸ್ವಂತ ಹೆಸರಿನ ಕಾರು ಮಾಡಿದರು. ಅದನ್ನು ೧೯೭೪ರಲ್ಲಿ ಇಟಲಿಯ ಟ್ಯೂರಿನ್ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿದರು. ಸ್ವಂತ ಎಂದೆನಲ್ಲ, ಅದರಲ್ಲಿ ಸ್ವಂತದ್ದು ಎಷ್ಟು? ರೂಪರೇಖೆ ಇಟಲಿಯ ಜುಜಾರೊ ಎಂಬ ಕಲಾವಿದನದು, ಎಂಜಿನು ಜಪಾನಿನ ಮಿತ್ಸುಬಿಷಿಯದು, ತಯಾರಿಕೆಯ ಮೇಲ್ವಿಚಾರಣೆಗೆ ಬಂದವನು ಇಂಗ್ಲೆಂಡಿನ ಟರ್ನ್‌ಬುಲ್. ಎಲ್ಲವೂ ಎರವಲೇ. ಆದರೆ ಎರವಲು ತಂದವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಈ ಮಾತನ್ನು ಗಂಟು ಹಾಕಿಕೊಂಡಿರಿ.

೧೯೮೩ರಲ್ಲಿ ಕಾರ್ಟಿನಾದ ಚೌಕಟ್ಟಿನ ಮೇಲೆಯೇ ‘ಸ್ಟೆಲ್ಲರ್’ ಎಂಬ ಕಾರು ಬಂದಿತು. ೧೯೮೫ರಲ್ಲಿ ಆ ಸ್ಟೆಲ್ಲರಿಗೆ ಇನ್ನಷ್ಟು ಸಿಂಗಾರ ಮಾಡಿ ‘ಸೊನಾಟಾ’ ಎಂದು ಹೆಸರಿಟ್ಟು ಸಾಹುಕಾರರ ಸೆಡಾನಾಗಿ ಪೇಟೆಗೆ ಬಿಟ್ಟರು. ಪಾಶ್ಚಾತ್ಯ ಸಂಗೀತದ ಒಂದು ಪ್ರಕಾರದ ಹೆಸರದು. ಕೊರಿಯಾ ಭಾಷೆಯಲ್ಲಿ ಮಾತ್ರ ಆ ಹೆಸರಿನಿಂದ ಒಂದು ಪೇಚು ಉಂಟಾಯಿತು. ಅಲ್ಲಿ ‘ಸೊ’ ಎಂದರೆ ದನ. ಹೆಸರನ್ನು ತುಸು ಬಿಡಿಸಿ ಓದಿದರೆ ‘ದನಗಳು ಹತ್ತುವ ಕಾರು’ ಎಂಬ ಅರ್ಥ ಬರುತ್ತದೆಂದು ಜನ ನಗೆಯಾಡಿದರು. ಕಂಪನಿಯವರು ಹೆಸರಿನ ಮೊದಲಕ್ಷರವನ್ನು ಒತ್ತಿ ಉಚ್ಚರಿಸುವಂತೆ ಕಾಗುಣಿತವನ್ನೇ ಬದಲಿಸಿಕೊಂಡರು. ಶ್ಲೇಷೆಯ ಪೆಟ್ಟು ಎಂಥದೆಂಬುದು ಅಲಂಕಾರಶಾಸ್ತ್ರ ಓದಿದವರಿಗೆ ಗೊತ್ತು. ಕಾರ್ಖಾನೆಯವರಿಗೂ ಅಂದು ಗೊತ್ತಾಯಿತು. ನಗೆಯ ಮಾತು ಹಾಗಿರಲಿ, ಆ ಮೊದಲ ಸೊನಾಟಾ ಹೆಚ್ಚು ಮಾರಾಟವಾಗಲಿಲ್ಲ. ಸ್ಟೆಲ್ಲರಿಗೇ ಜರಿಯಂಚು ಹಚ್ಚಿದ್ದಾರೆಂದು ಜನ ಕಂಡುಕೊಂಡರು.

ಮುಖ್ಯವಾದ ಸಂಗತಿ ಇಲ್ಲಿದೆ. ಸೋತರೂ ಅವರು ಆ ಹೆಸರನ್ನು ಬಿಡಲಿಲ್ಲ. ೧೯೮೮ರಲ್ಲಿ ಎರಡನೆಯ ತಲೆಮಾರು ಬಂದಿತು. ಹಿಂದಿನ ಗಾಲಿಗಳು ತಳ್ಳುವ ಹಳೆಯ ಪದ್ಧತಿಯನ್ನು ಬಿಟ್ಟು ಮುಂದಿನ ಗಾಲಿಗಳು ಎಳೆಯುವ ಹೊಸ ಪದ್ಧತಿಗೆ ಹೊರಳಿದರು. ಅದನ್ನು ಅಮೆರಿಕಾ ಖಂಡಕ್ಕೂ ಕಳುಹಿಸಿದರು. ಕೆನಡಾದ ಬ್ರೋಮಾಂಟ್ ಎಂಬಲ್ಲಿ ೧೯೮೯ರಲ್ಲಿ ಕಾರ್ಖಾನೆ ತೆರೆದರು. ಅದೂ ಕೈಹಿಡಿಯಲಿಲ್ಲ, ೧೯೯೩ರಲ್ಲಿ ಮುಚ್ಚಬೇಕಾಯಿತು. ಅದೇ ವರ್ಷ ಮೂರನೆಯ ತಲೆಮಾರು ಹೊರಬಂದಿತು. ಕೊರಿಯಾದ ಮಧ್ಯಮ ವರ್ಗದವರು ಅದನ್ನು ಮೆಚ್ಚಿಕೊಂಡರು, ಟ್ಯಾಕ್ಸಿಯವರೂ ಮೆಚ್ಚಿಕೊಂಡರು. ಆ ಕಾಲದ ಒಂದು ಸ್ವಾರಸ್ಯವನ್ನು ಮಾಸ್ತರನಾದ ನಾನು ಬಿಡಲಾರೆ. ಅಲ್ಲಿಯ ವಿದ್ಯಾರ್ಥಿಗಳು ನಿಂತ ಸೊನಾಟಾಗಳ ಹಿಂಭಾಗದಿಂದ ಹೆಸರಿನ ಮೊದಲ ಅಕ್ಷರವನ್ನು ಕಿತ್ತುಕೊಂಡು ಹೋಗುತ್ತಿದ್ದರಂತೆ. ಸೋಲ್ ವಿಶ್ವವಿದ್ಯಾಲಯದ ಹೆಸರೂ ಅದೇ ಅಕ್ಷರದಿಂದ ಆರಂಭವಾಗುತ್ತದೆ. ಅದು ಹತ್ತಿರವಿದ್ದರೆ ಅಲ್ಲಿ ಪ್ರವೇಶ ಸಿಗುವುದೆಂಬ ನಂಬಿಕೆ! ಪರೀಕ್ಷೆಯ ಭಯ ಎಲ್ಲ ದೇಶಗಳಲ್ಲಿಯೂ ಒಂದೇ.

ಇಷ್ಟಾದರೂ ಸೊನಾಟಾದ ಹೃದಯ ಪರರದೇ ಆಗಿತ್ತು. ಮೈ ತಮ್ಮದು, ಎಂಜಿನು ಮಿತ್ಸುಬಿಷಿಯದು. ಅದಕ್ಕೆ ಕಾಣಿಕೆ ಸಲ್ಲಿಸುತ್ತಲೇ ಇರಬೇಕು. ಆದ್ದರಿಂದ ೧೯೮೦ರ ದಶಕದ ನಡುವೆಯೇ ಅವರು ಸ್ವಂತ ಎಂಜಿನಿನ ಸಂಶೋಧನೆಗೆ ಕೈಹಾಕಿದ್ದರು. ಎಂಜಿನುಗಳು ಒಡೆದವು, ಕರಗಿದವು, ಮತ್ತೆ ಮಾಡಿದರು. ೧೯೯೧ರಲ್ಲಿ ‘ಆಲ್ಫಾ’ ಎಂಬ ಮೊದಲ ಸ್ವಂತ ಎಂಜಿನು ಸಿದ್ಧವಾಯಿತು. ಅದು ಸಣ್ಣ ಕಾರಿನದು. ೧೯೯೮ರ ನಾಲ್ಕನೆಯ ತಲೆಮಾರಿನ ಸೊನಾಟಾದಲ್ಲಿ ಆರು ಸಿಲಿಂಡರಿನ ಸ್ವಂತ ಎಂಜಿನು ಕಾಣಿಸಿಕೊಂಡಿತು. ೨೦೦೪ರ ಐದನೆಯ ತಲೆಮಾರಿನಲ್ಲಿ ‘ಥೀಟಾ’ ಎಂಬ ನಾಲ್ಕು ಸಿಲಿಂಡರಿನ ಎಂಜಿನು ಬಂದಿತು. ಈ ಎಂಜಿನಿನ ಮೂಲ ವಿನ್ಯಾಸವನ್ನು ಹಂಚಿಕೊಳ್ಳಲು ಅಮೆರಿಕದ ಕ್ರೈಸ್ಲರ್ ಜೊತೆಗೆ ಆ ಮಿತ್ಸುಬಿಷಿಯೇ ೨೦೦೨ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಹಿಂದೆ ಗುರುದಕ್ಷಿಣೆ ಕೊಟ್ಟ ಶಿಷ್ಯನ ಮನೆಗೆ ಗುರುವೇ ಪಾಠಕ್ಕೆ ಬಂದಂತಾಯಿತು. ತತ್ಸಮವು ತದ್ಭವವಾಗಲು ಹಿಡಿದ ಕಾಲ ಎಷ್ಟು? ಕಾರ್ಟಿನಾ ಜೋಡಿಸಿದ ೧೯೬೮ರಿಂದ ೨೦೦೪ರವರೆಗೆ, ಮೂವತ್ತಾರು ವರ್ಷ.

ಈ ಕಥೆಯನ್ನು ಬರಿಯ ಜಯಘೋಷವಾಗಿ ಹೇಳುವುದು ಸರಿಯಲ್ಲ. ೧೯೮೬ರಲ್ಲಿ ಹ್ಯುಂಡೈ ಅಮೆರಿಕಕ್ಕೆ ಕಳುಹಿಸಿದ ‘ಎಕ್ಸೆಲ್’ ಎಂಬ ಅಗ್ಗದ ಕಾರು ಮೊದಲ ವರ್ಷವೇ ೧ ಲಕ್ಷ ೬೮ ಸಾವಿರಕ್ಕೂ ಮಿಕ್ಕಿ ಮಾರಾಟವಾಯಿತು. ಆಮೇಲೆ ಕೆಟ್ಟು ಕೆಟ್ಟು ನಿಂತು ಅದರ ಹೆಸರೇ ನಗೆಪಾಟಲಾಯಿತು. ಆ ಕಳಂಕವನ್ನು ತೊಳೆಯಲು ೧೯೯೮ರ ಕೊನೆಯಲ್ಲಿ ಎಂಜಿನು ಮತ್ತು ಗೇರುಪೆಟ್ಟಿಗೆಗೆ ಹತ್ತು ವರ್ಷ ಅಥವಾ ೧ ಲಕ್ಷ ಮೈಲಿಯ ಜವಾಬ್ದಾರಿ ಹೊರುವುದಾಗಿ ಅವರು ಮಾತು ಕೊಡಬೇಕಾಯಿತು. ಸ್ವಂತವೆಂದು ಹೆಮ್ಮೆಪಟ್ಟ ಥೀಟಾದ ಮುಂದಿನ ಆವೃತ್ತಿಯಲ್ಲಿಯೂ ದೋಷ ಕಂಡಿತು. ಎಂಜಿನಿನ ಒಳಗೆ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿಯನ್ನು ಕಟ್ಟಿ ಎಂಜಿನು ಹಾಳಾಗುತ್ತಿದ್ದವು. ೨೦೧೫ರಲ್ಲಿ ಅಮೆರಿಕದಲ್ಲಿ ಸುಮಾರು ೪ ಲಕ್ಷ ೭೦ ಸಾವಿರ ಸೊನಾಟಾಗಳನ್ನು ಪರೀಕ್ಷೆಗೆ ಹಿಂದಕ್ಕೆ ಕರೆಸಬೇಕಾಯಿತು. ಜೊತೆಗೆ, ಕೊರಿಯಾದ ಸರ್ಕಾರ ಬಹುಕಾಲ ಹೊರಗಿನ ಕಾರುಗಳನ್ನು ಒಳಗೆ ಬಿಡದೆ ತನ್ನವರನ್ನು ಕಾಪಾಡಿತು; ಕಡಿಮೆ ಕೂಲಿಗೆ ಹೆಚ್ಚು ಹೊತ್ತು ದುಡಿದ ಕಾರ್ಮಿಕರು ೧೯೮೭ರಲ್ಲಿ ಉಲ್ಸಾನಿನಲ್ಲಿ ಭಾರಿ ಮುಷ್ಕರ ಹೂಡಿದರು. ಆ ಬೆವರನ್ನು ಲೆಕ್ಕಕ್ಕೆ ಹಿಡಿಯದೆ ಇತಿಹಾಸ ಬರೆಯಲಾಗದು. ಆರನೆಯ ತಲೆಮಾರು ೨೦೦೯ರಲ್ಲಿ, ಏಳನೆಯದು ೨೦೧೪ರಲ್ಲಿ, ಎಂಟನೆಯದು ೨೦೧೯ರಲ್ಲಿ ಬಂದವು. ನಮ್ಮ ದೇಶದಲ್ಲಿಯೂ ೨೦೦೧ರಿಂದ ಕೆಲವು ವರ್ಷ ಸೊನಾಟಾ ಮಾರಾಟವಾಗಿ, ಆಮೇಲೆ ನಿಂತಿತು.

ಸಿಪಾನಿಗೂ ಹ್ಯುಂಡೈಗೂ ಇದ್ದ ವ್ಯತ್ಯಾಸ ಏನು? ಬುದ್ಧಿಯ ವ್ಯತ್ಯಾಸವೆಂದು ನಾನು ಒಪ್ಪಲಾರೆ. ಬಂಡವಾಳದಲ್ಲಿ ಅಜಗಜಾಂತರವಿತ್ತು. ನಮ್ಮಲ್ಲಿಯ ಪರವಾನಗಿ ಪದ್ಧತಿ ಸಣ್ಣವನನ್ನು ಸಣ್ಣವನಾಗಿಯೇ ಇರಿಸಿತು. ಅಲ್ಲಿಯ ಸರ್ಕಾರ ಸಾಲ ಕೊಟ್ಟು, ರಫ್ತು ಮಾಡಲೇಬೇಕೆಂದು ಬೆನ್ನಿಗೆ ನಿಂತಿತು. ಇವೆಲ್ಲ ನಿಜವೇ. ಇವುಗಳ ಮೇಲೆ ಇನ್ನೊಂದು ಕಾರಣವಿದೆ. ಅವರು ಒಂದೇ ಗೆರೆಯನ್ನು ಹಿಡಿದು ನಡೆದರು. ಕಾರ್ಟಿನಾದಿಂದ ಸ್ಟೆಲ್ಲರ್, ಸ್ಟೆಲ್ಲರಿನಿಂದ ಸೊನಾಟಾ; ಸೋತದ್ದನ್ನು ಎಸೆಯದೆ ತಿದ್ದಿದರು. ನಮ್ಮವರಿಗೆ ತಿದ್ದುವಷ್ಟು ಕಾಲ ಸಿಗಲಿಲ್ಲ.

ಆದರೆ ಬೆಂಗಳೂರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ೧೯೯೪ರಲ್ಲಿ ಬೆಂಗಳೂರಿನ ಮೈನಿ ಉದ್ಯಮ ಸಮೂಹದ ಚೇತನ್ ಮೈನಿಯವರು ಅಮೆರಿಕದ ಒಂದು ಸಂಸ್ಥೆಯ ಜೊತೆ ಸೇರಿ ವಿದ್ಯುತ್ತಿನ ಕಾರಿಗಾಗಿ ‘ರೇವಾ’ ಎಂಬ ಕಂಪನಿಯನ್ನು ಕಟ್ಟಿದರು. ಆಗ ವಿದ್ಯುತ್ತಿನ ಕಾರೆಂದರೆ ಜಗತ್ತಿನ ದೊಡ್ಡ ಕಂಪನಿಗಳೂ ಅನುಮಾನಿಸುತ್ತಿದ್ದವು. ೨೦೦೧ರಲ್ಲಿ ರೇವಾ ಬೀದಿಗೆ ಇಳಿಯಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಆಸನದ ಕೆಳಗೆ ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿಗಳು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಎಂಟು ಗಂಟೆ ಬಿಟ್ಟರೆ ಸುಮಾರು ೮೦ ಕಿಲೋಮೀಟರು ಓಡಬಲ್ಲದು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಬಾಗಿಲು ಮಾತ್ರ ಮತ್ತೆ ಎರಡೇ!

ಈ ಪುಟ್ಟ ಕಾರು ಲಂಡನ್ನಿಗೆ ಹೋಯಿತು. ಅಲ್ಲಿ ಅದಕ್ಕೆ ‘ಜಿ-ವಿಜ್’ ಎಂಬ ಹೆಸರು. ೨೦೦೩ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ಸುಂಕ ಹಾಕಿದಾಗ ವಿದ್ಯುತ್ತಿನ ವಾಹನಗಳಿಗೆ ವಿನಾಯಿತಿ ದೊರೆಯಿತು. ಕನ್ನಡ ನಾಡಿನ ಕಾರು ಆಂಗ್ಲರ ರಾಜಧಾನಿಯ ಬೀದಿಗಳಲ್ಲಿ ಓಡಾಡಿತು. ಇಂಗ್ಲೆಂಡಿನ ಕಿಟನ್ನು ಇಲ್ಲಿಗೆ ಬಂದು ಡಾಲ್ಫಿನ್ ಆದ ಇಪ್ಪತ್ತೇ ವರ್ಷಗಳಲ್ಲಿ ಪ್ರವಾಹ ಹಿಮ್ಮುಖವಾಗಿ ಹರಿಯಿತು ಎನ್ನಬೇಕು. ಆದರೆ ಅಲ್ಲಿಯ ಕಾನೂನು ಅದನ್ನು ಪೂರ್ಣ ಕಾರೆಂದು ಎಣಿಸದೆ ಹಗುರ ನಾಲ್ಕುಗಾಲಿಯ ವರ್ಗದಲ್ಲಿ ಇರಿಸಿತ್ತು. ೨೦೦೭ರಲ್ಲಿ ನಡೆದ ಡಿಕ್ಕಿಯ ಪರೀಕ್ಷೆಗಳಲ್ಲಿ ಅದರ ಸುರಕ್ಷತೆ ಸಾಲದೆಂದು ಟೀಕೆ ಬಂದಿತು. ಆ ಟೀಕೆಯಲ್ಲಿ ಹುರುಳಿತ್ತು. ೨೦೦೮ರ ‘ರೇವಾ ಐ’ಯಲ್ಲಿ ಮೋಟಾರನ್ನೂ ಮೈಕಟ್ಟನ್ನೂ ತಿದ್ದಿದರು, ೨೦೦೯ರಲ್ಲಿ ಲಿಥಿಯಮ್ ಬ್ಯಾಟರಿಯ ಆವೃತ್ತಿ ಬಂದಿತು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ೨೦೧೩ರಲ್ಲಿ ‘ಇ-ಟು-ಓ’ ಬಂದಿತು. ಮತ್ತೆ ಎರಡು ಬಾಗಿಲು! ನಾಲ್ಕು ಬಾಗಿಲಿನ ‘ಇ-ಟು-ಓ ಪ್ಲಸ್’ ಬರಲು ೨೦೧೬ ಆಗಬೇಕಾಯಿತು. ೨೦೧೯ರಲ್ಲಿ ಅದೂ ನಿಂತಿತು.

ಡಾಲ್ಫಿನ್ನಿನಿಂದ ಮೊಂಟಾನಾಕ್ಕೆ, ಇ-ಟು-ಓದಿಂದ ಪ್ಲಸ್ಸಿಗೆ, ಒಂದೇ ಊರಿನಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ಪಾಠವನ್ನು ಎರಡು ಸಲ ಕಲಿತಂತಾಯಿತಲ್ಲ ಎಂದು ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ. ಮೊದಲನೆಯ ಸಂಸ್ಥೆ ಕಲಿತ ಪಾಠ ಎರಡನೆಯದಕ್ಕೆ ದಾಟಲಿಲ್ಲ. ಪಠ್ಯ ಕಳೆದುಹೋದರೆ ಮುಂದಿನ ತರಗತಿಯವರು ಅದನ್ನೇ ಹೊಸದಾಗಿ ಬರೆಯಬೇಕು. ಆದರೂ ರೇವಾದ ಕಥೆಯನ್ನು ಸೋಲೆಂದು ನಾನು ಬರೆಯಲಾರೆ. ಅಲ್ಲಿ ಚೌಕಟ್ಟು, ಬ್ಯಾಟರಿಯ ನಿಯಂತ್ರಣ, ಮೋಟಾರಿನ ಮೇಳ ಇವುಗಳನ್ನು ತಲೆಮಾರಿನಿಂದ ತಲೆಮಾರಿಗೆ ತಿದ್ದುತ್ತ ಬಂದರು. ಆ ವಿದ್ಯೆ ಕಾರಿನಲ್ಲಿ ನಿಂತರೂ, ೨೦೧೮ರಲ್ಲಿ ಅದೇ ಸಂಸ್ಥೆ ಬೆಂಗಳೂರಿನಿಂದ ‘ಟ್ರಿಯೊ’ ಎಂಬ ವಿದ್ಯುತ್ತಿನ ಮೂರು ಗಾಲಿಯ ಆಟೋವನ್ನು ಹೊರತಂದಿತು. ಬಾದಲಿನ ಮೂರು ಗಾಲಿಯಿಂದ ಹೊರಟ ಬೆಂಗಳೂರು ಮತ್ತೆ ಮೂರು ಗಾಲಿಗೆ ಬಂದಿತೆಂದು ಹಾಸ್ಯ ಮಾಡಬಹುದು. ಆದರೆ ಈ ಸಲದ ಗಾಲಿಗಳ ಹಿಂದೆ ಇಲ್ಲಿಯೇ ಬೆಳೆದ ವಿದ್ಯೆ ಇತ್ತು.

ಇನ್ನು ಬಿಡದಿಯ ಮಾತು. ೧೯೯೭ರಲ್ಲಿ ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹ ಕೂಡಿ ಅಲ್ಲಿ ಕಾರ್ಖಾನೆ ಸ್ಥಾಪಿಸಿದವು. ೨೦೦೦ದಲ್ಲಿ ‘ಕ್ವಾಲಿಸ್’, ೨೦೦೫ರಲ್ಲಿ ‘ಇನ್ನೋವಾ’, ೨೦೧೬ರಲ್ಲಿ ‘ಕ್ರಿಸ್ಟಾ’, ೨೦೨೨ರಲ್ಲಿ ‘ಹೈಕ್ರಾಸ್’ ಹೀಗೆ ಒಂದೇ ವಂಶ ಬೆಳೆಯಿತು. ನಮ್ಮ ಕಡೆ ಮದುವೆಯ ದಿಬ್ಬಣಕ್ಕೆ, ಮಂತ್ರಾಲಯಕ್ಕೆ, ತಿರುಪತಿಗೆ ಹೊರಟವರು ಈ ಗಾಡಿಗಳಲ್ಲಿ ಕುಳಿತೇ ಇದ್ದೀರಿ. ಸೊನಾಟಾದೊಡನೆ ಅಮೆರಿಕದಲ್ಲಿ ಸ್ಪರ್ಧಿಸುವ ‘ಕ್ಯಾಮ್ರಿ’ ಎಂಬ ಸೆಡಾನನ್ನೂ ಬಿಡದಿಯಲ್ಲಿ ೨೦೧೨ರಿಂದ ಜೋಡಿಸತೊಡಗಿದರು. ೨೦೧೩ರಲ್ಲಿ ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ಓಡುವ ರೂಪ ಬಂದಿತು. ೨೦೨೪ರ ಕೊನೆಯಲ್ಲಿ ಅದರ ಒಂಬತ್ತನೆಯ ತಲೆಮಾರು ನಮ್ಮ ದೇಶಕ್ಕೆ ಬಂದಿತು. ಕ್ಯಾಮ್ರಿ ಎಂಬುದು ಕಿರೀಟವೆಂಬರ್ಥದ ಜಪಾನೀ ಮಾತಿನಿಂದ ಹುಟ್ಟಿದ ಹೆಸರು. ಕಿರೀಟವನ್ನು ನಮ್ಮ ಮಕ್ಕಳು ಜೋಡಿಸುತ್ತಾರೆ. ಅದರ ನಕ್ಷೆ ಮಾತ್ರ ಜಪಾನಿನದು. ಇದನ್ನು ತತ್ಸಮವೆಂದೇ ಕರೆಯಬೇಕು. ಆದರೆ ತತ್ಸಮವನ್ನು ಹೀಗಳೆಯಬಾರದು. ಶುದ್ಧವಾಗಿ ಉಚ್ಚರಿಸಲು ಕಲಿಸುವುದೂ ಅದೇ.

ಕಿರ್ಲೋಸ್ಕರ್ ಎಂಬ ಹೆಸರು ಬಂದಾಗ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಆ ಮನೆತನದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಮರದ ನೇಗಿಲಿಗೆ ಒಗ್ಗಿದ ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲ. ಅವರು ಬಿಡಲಿಲ್ಲ, ನಮ್ಮ ಎರೆಭೂಮಿಗೆ ಒಗ್ಗುವವರೆಗೂ ತಿದ್ದಿದರು. ಹೊರಗಿನ ನೇಗಿಲು ಹೀಗೆ ತದ್ಭವವಾಯಿತು. ಅದೇ ಮನೆತನದ ಉದ್ಯಮವೊಂದು ನಮ್ಮ ಕೊಪ್ಪಳದ ಹತ್ತಿರ ಬೇವಿನಹಳ್ಳಿಯಲ್ಲಿ ಕಬ್ಬಿಣ ಕರಗಿಸಿ, ಟ್ರ್ಯಾಕ್ಟರು ಮತ್ತು ಮೋಟಾರು ವಾಹನಗಳ ಎಂಜಿನಿಗೆ ಬೇಕಾದ ಎರಕದ ಭಾಗಗಳನ್ನು ಮಾಡುತ್ತದೆ. ಎಂಜಿನಿನ ಒಡಲು ನಮ್ಮ ಜಿಲ್ಲೆಯ ಕುಲುಮೆಯಲ್ಲಿ ಹುಟ್ಟುತ್ತದೆಂಬುದು ಬಹಳ ಜನರಿಗೆ ತಿಳಿಯದು. ರೈಲಿನಲ್ಲಿ ಹೋಗುವಾಗ ಹೊಗೆಯ ಕೊಳವೆ ಕಂಡು ಮುಖ ತಿರುವುವವರೇ ಹೆಚ್ಚು.

ಗಡಿಯಾಚೆಗೂ ಒಂದು ನೋಟ ಹರಿಸಿರಿ. ೧೫೬೫ರ ಯುದ್ಧದ ನಂತರ ಹಂಪೆಯನ್ನು ಬಿಟ್ಟ ವಿಜಯನಗರದ ಅರಸರು ರಾಜಧಾನಿಯನ್ನು ಪೆನುಕೊಂಡೆಗೆ ಒಯ್ದರು. ಕನ್ನಡ ಬಲ್ಲ ಮಡಕಶಿರಾ, ಹಿಂದೂಪುರಗಳ ಆಸುಪಾಸಿನ ಆ ನೆಲದಲ್ಲಿ ೨೦೧೯ರಿಂದ ಕೊರಿಯಾದ ಕಿಯಾ ಕಂಪನಿ ಕಾರು ತಯಾರಿಸುತ್ತಿದೆ. ಈ ಕಿಯಾ ೧೯೯೭ರಲ್ಲಿ ದಿವಾಳಿಯಾಗಿ, ಮರುವರ್ಷ ಹ್ಯುಂಡೈ ಕೈಸೇರಿದ ಸಂಸ್ಥೆ. ಆನೆಗೊಂದಿಯಿಂದ ಪೆನುಕೊಂಡೆಗೆ ಹಿಂದೆ ಆನೆ ಕುದುರೆಗಳು ಹೋದ ಹಾಗೆ ಇಂದು ಕೆಲಸ ಅರಸಿ ಐ.ಟಿ.ಐ. ಕಲಿತ ಹುಡುಗರು ಹೋಗುತ್ತಾರೆ, ಬಿಡದಿಗೂ ಹೋಗುತ್ತಾರೆ.

ನಮ್ಮ ಪಣವಿರುವುದು ಅವರ ಮೇಲೆಯೇ. ಕಾರ್ಖಾನೆಯಲ್ಲಿ ಹುಡುಗನ ಕೈಗೆ ಒಂದು ಪಾನಾ ಕೊಡುತ್ತಾರೆ. ದಿನಕ್ಕೆ ನೂರಾರು ಸಲ ಒಂದೇ ಬೋಲ್ಟನ್ನು ಬಿಗಿಯುತ್ತಾನೆ. ಅದಷ್ಟೇ ಕಲಿತು ಬಂದರೆ ಅವನು ತತ್ಸಮವನ್ನು ಬಾಯಿಪಾಠ ಮಾಡಿದ ಹುಡುಗನಂತೆ. ಆ ಬೋಲ್ಟು ಅಲ್ಲೇ ಏಕೆ, ಅಷ್ಟೇ ಬಿಗಿ ಏಕೆ, ಅದು ಸಡಿಲವಾದರೆ ಏನಾಗುತ್ತದೆ ಎಂದು ಕೇಳಿದವನು ಒಂದು ದಿನ ತದ್ಭವವನ್ನು ಹುಟ್ಟಿಸಬಲ್ಲನು. ಕೊರಿಯಾದವರು ಕೇಳಿದ್ದು ಇದೇ ಪ್ರಶ್ನೆ. ನಿಮ್ಮ ಮನೆಯ ಹುಡುಗ ರಜೆಗೆ ಬಂದಾಗ ಸಂಬಳ ಎಷ್ಟೆಂದು ವಿಚಾರಿಸಿರಿ, ತಪ್ಪಿಲ್ಲ. ಅದರ ಜೊತೆಗೆ ಅಲ್ಲಿ ಏನು ಕಲಿತೆ ಎಂದೂ ಒಂದು ಮಾತು ಕೇಳಿರಿ. ಕಲಿತದ್ದನ್ನು ಕನ್ನಡದಲ್ಲಿ ಬರೆದಿಡಲು ಹೇಳಿರಿ. ಡಾಲ್ಫಿನ್ನಿನವರು ಕಂಡುಕೊಂಡದ್ದನ್ನು ಯಾರಾದರೂ ಹೀಗೆ ಬರೆದಿಟ್ಟಿದ್ದರೆ, ಎರಡನೆಯ ಸಲ ಬಾಗಿಲು ಎಣಿಸುವಲ್ಲಿ ಮೂರು ವರ್ಷ ಕಳೆಯಬೇಕಾಗುತ್ತಿರಲಿಲ್ಲವೇನೊ. ಯಂತ್ರಗಳು ಹಳತಾಗಿ ಗುಜರಿಗೆ ಹೋಗುತ್ತವೆ, ಕಂಪನಿಗಳು ಮುಚ್ಚುತ್ತವೆ. ಬರೆದಿಟ್ಟ ತಿಳಿವಳಿಕೆಗೆ ಮಾತ್ರ ಮುಂದಿನ ತಲೆಮಾರು ವಾರಸುದಾರನಾಗುತ್ತದೆ.